ರಬ್ಬರ್ ಸುಟ್ಟ ವಾಸನೆ ಬಂದರೆ ಗಾಡಿ ನಿಲ್ಲಿಸಿ

(ಖಸಬಿನಲ್ಲಿ ನಡೆದ ಸದಸ್ಯರ ಕುಟುಂಬ ಕೂಟದಲ್ಲಿ ಮಾಡಿದ ಭಾಷಣದ ಬರಹರೂಪ)

 

ನಾನು ಮೆಕ್ಯಾನಿಕ್ ಅಲ್ಲ, ಲೆಕ್ಕ ಬರೆಯುವವನು. ಆದರೆ ಗಾಡಿಗಳ ಗ್ಯಾರೇಜ್ ಬಿಲ್ಲುಗಳೆಲ್ಲ ನನ್ನ ಮೇಜಿಗೇ ಬರುತ್ತವೆ. ಒಮ್ಮೆ ಒಂದೇ ಪಿಕಪ್‌ಗೆ ಕೆಲವೇ ತಿಂಗಳಲ್ಲಿ ಮೂರು ಸಲ ಬೆಲ್ಟ್ ಹಾಕಿದ ಬಿಲ್ ಬಂತು. ಬೆಲ್ಟ್ ಅಷ್ಟು ಬೇಗ ಹೋಗುವ ವಸ್ತುವಲ್ಲ. ವಿಚಾರಿಸಿದರೆ, ಎಂಜಿನ್ ಆಯಿಲ್ ಸೋರಿ ಬೆಲ್ಟಿನ ಮೇಲೆ ಬೀಳುತ್ತಿತ್ತು. ಪ್ರತಿ ಸಲ ಬೆಲ್ಟ್ ಬದಲಾಯಿತು, ಸೋರಿಕೆ ಹಾಗೇ ಉಳಿಯಿತು. ಡ್ರೈವರ್ ಮಾತ್ರ ಮೊದಲ ದಿನದಿಂದಲೇ "ರಬ್ಬರ್ ಸುಟ್ಟ ವಾಸನೆ ಬರ್ತದೆ" ಅಂತ ಹೇಳುತ್ತಲೇ ಇದ್ದ. ಆದ್ದರಿಂದ ಇವತ್ತು ಈ ವಿಷಯ.

ನಮ್ಮ ಊರು ಎಂಥದ್ದು ನೋಡಿ. ಒಂದು ಕಡೆ ಬುಖಾ ದಾಟಿ ತಿಬಾತ್ ಗಡಿಗೆ ಹೋಗುವ ಕರಾವಳಿ ರಸ್ತೆ, ಇನ್ನೊಂದು ಕಡೆ ಜಬಲ್ ಹಾರಿಮ್‌ನ ಕಡಿದಾದ ಮಣ್ಣಿನ ದಾರಿ. ಊರಲ್ಲಿ ಚಾರ್ಮಾಡಿ, ಶಿರಾಡಿ ಇಳಿದವರಿಗೆ ಘಾಟಿ ಹೊಸತಲ್ಲ. ಆದರೆ ಅಲ್ಲಿ ಮರದ ನೆರಳಿದೆ, ಇಲ್ಲಿ ಬರೀ ಕಲ್ಲು ಮತ್ತು ಬಿಸಿಲು. ಎ.ಸಿ. ಬಂದ್ ಮಾಡುವ ಹಾಗಿಲ್ಲ. ಎಂಜಿನ್, ಬೆಲ್ಟ್, ಬ್ರೇಕ್ ಎಲ್ಲದಕ್ಕೂ ದುಪ್ಪಟ್ಟು ಕೆಲಸ.

ವಾಸನೆ ಬಂದ ಕೂಡಲೇ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಮಕ್ಕಳನ್ನು ರಸ್ತೆಯಿಂದ ದೂರ ಇಳಿಸಿ. ಆಮೇಲೆ ಗಾಡಿಗೆ ಒಂದು ಸುತ್ತು ಬನ್ನಿ. ವಾಸನೆ ಬಾನೆಟ್ ಕಡೆಯಿಂದಲೋ, ಚಕ್ರದ ಹತ್ತಿರವೋ, ಡ್ಯಾಶ್‌ಬೋರ್ಡ್ ಒಳಗಿನಿಂದಲೋ? ಇದು ಗೊತ್ತಾದರೆ ಅರ್ಧ ಕೆಲಸ ಮುಗಿಯಿತು.

ಬಾನೆಟ್ ಕಡೆಯಿಂದಾದರೆ ಮೊದಲ ಅನುಮಾನ ಬೆಲ್ಟಿನ ಮೇಲೆ. ಗಾಡಿ ಸ್ಟಾರ್ಟ್ ಮಾಡುವಾಗ, ಎ.ಸಿ. ಹಾಕುವಾಗ 'ಕೀಂಯ್' ಅಂತ ಶಬ್ದ ಬರುತ್ತಿತ್ತಾ? ಹಾಗಾದರೆ ಬೆಲ್ಟ್ ಜಾರುತ್ತಿದೆ. ಎಂಜಿನ್ ತಣ್ಣಗಾದ ಮೇಲೆ ಕೀ ತೆಗೆದು, ಟಾರ್ಚ್ ಹಾಕಿ ನೋಡಿ: ಬಿರುಕು, ಗಾಜಿನಂಥ ಹೊಳಪು, ಎಣ್ಣೆಯ ಪಸೆ, ಸುತ್ತಮುತ್ತ ಕಪ್ಪು ರಬ್ಬರ್ ಪುಡಿ. ಬೆಲ್ಟ್ ಹೊಸತಾಗಿಯೂ ವಾಸನೆ ಬಂದರೆ ಟೆನ್ಷನರ್ ಸಡಿಲ ಇರಬಹುದು, ಅಥವಾ ಯಾವುದೋ ಪುಲ್ಲಿಯ ಬೇರಿಂಗ್ ಜಾಮ್ ಆಗಿರಬಹುದು. ಎ.ಸಿ. ಆಫ್ ಮಾಡಿದಾಗ ವಾಸನೆ ಕಡಿಮೆಯಾದರೆ ಕಂಪ್ರೆಸರ್ ಕಡೆ ನೋಡಲು ಹೇಳಿ. ಬೆಲ್ಟಿಗೆ ಸೋಪು ಉಜ್ಜುವುದು, ಸ್ಪ್ರೇ ಹೊಡೆಯುವುದು ಶಬ್ದ ಅಡಗಿಸುವ ಉಪಾಯ ಅಷ್ಟೇ.

ಬೆಲ್ಟ್ ಸಣ್ಣ ವಸ್ತು, ಆದರೆ ಬಹಳ ಗಾಡಿಗಳಲ್ಲಿ ಅದೇ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರನ್ನೂ ನೀರಿನ ಪಂಪನ್ನೂ ತಿರುಗಿಸುವುದು. ತುಂಡಾದರೆ ಬ್ಯಾಟರಿ ಲೈಟ್ ಹೊತ್ತುತ್ತದೆ, ಬಿಸಿಯ ಮುಳ್ಳು ಏರುತ್ತದೆ. "ಮನೆ ತಲುಪುವ, ಇನ್ನು ಸ್ವಲ್ಪ ಅಲ್ವಾ" ಅಂತ ಓಡಿಸಿದರೆ ಎಂಜಿನ್ನೇ ಹೋದೀತು. ಬಿಸಿಯಲ್ಲಿ ರೇಡಿಯೇಟರ್ ಮುಚ್ಚಳ ಮಾತ್ರ ತೆಗೆಯಬೇಡಿ, ಮಾರಾಯ್ರೆ. ಕುದಿನೀರು ಮುಖಕ್ಕೇ ಎರಚುತ್ತದೆ.

ಚಕ್ರದ ಹತ್ತಿರವಾದರೆ ಬ್ರೇಕ್. ಮೊದಲು ಹ್ಯಾಂಡ್ ಬ್ರೇಕ್ ಪೂರ್ತಿ ಇಳಿದಿದೆಯಾ ನೋಡಿ. ಒಂದೇ ಚಕ್ರ ಉಳಿದವಕ್ಕಿಂತ ಹೆಚ್ಚು ಕಾಯ್ದು, ಗಾಡಿ ಒಂದು ಬದಿಗೆ ಎಳೆದರೆ ಕ್ಯಾಲಿಪರ್ ಹಿಡಿದುಕೊಂಡಿರಬಹುದು. ಕೈ ಹತ್ತಿರ ಒಯ್ದರೆ ಕಾವು ಗೊತ್ತಾಗುತ್ತದೆ, ಮುಟ್ಟಬೇಡಿ. ಜಬಲ್ ಹಾರಿಮ್ ಇಳಿಯುವಾಗ ಉದ್ದಕ್ಕೂ ಬ್ರೇಕ್ ಒತ್ತಿದರೂ ಇದೇ ವಾಸನೆ. ಬ್ರೇಕ್ ಆಯಿಲ್ ಕುದಿದರೆ ಪೆಡಲ್ ತಳಕ್ಕೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ. ಸಣ್ಣ ಗೇರಿನಲ್ಲಿ ಇಳಿಯಿರಿ. ಆಟೋಮ್ಯಾಟಿಕ್ ಆದರೂ ಲೋ ಗೇರ್ ಇದೆ. ಕಾದರೆ ನಿಲ್ಲಿಸಿ ಗಾಳಿಯಲ್ಲೇ ಆರಲು ಬಿಡಿ, ನೀರು ಸುರಿಯಬೇಡಿ. ದೊಡ್ಡ ಟಯರ್ ಹಾಕಿದ, ಲೋಡು ಹೆಚ್ಚಾದ ಗಾಡಿಯಲ್ಲಿ ಟಯರೇ ಒಳಬದಿಗೆ ಉಜ್ಜುವುದೂ ಉಂಟು. ಗೇರ್ ಗಾಡಿಯವರು ಏರಿನಲ್ಲಿ ಅರ್ಧ ಕ್ಲಚ್ ಹಿಡಿದು ನಿಲ್ಲಬೇಡಿ. ಕ್ಲಚ್ ಸುಟ್ಟರೂ ವಾಸನೆ ಹೀಗೆಯೇ.

ಎಲ್ಲಕ್ಕಿಂತ ಅಪಾಯ ಡ್ಯಾಶ್‌ಬೋರ್ಡ್ ಕಡೆಯಿಂದ ಬರುವ ಪ್ಲಾಸ್ಟಿಕ್ ಸುಟ್ಟ ವಾಸನೆ. ಅದು ವಯರ್. ಫ್ಯೂಸ್ ಪದೇ ಪದೇ ಹೋಗುತ್ತದೆಂದು ದೊಡ್ಡ ಫ್ಯೂಸ್ ಹಾಕಿದರೆ, ಫ್ಯೂಸ್ ಉಳಿದು ವಯರೇ ಉರಿಯುತ್ತದೆ. ಹೊಗೆ ಕಂಡರೆ ಸಾಮಾನು ಬಿಟ್ಟು ಇಳಿಯಿರಿ, ಬಾನೆಟ್ ಎತ್ತಬೇಡಿ, ದೂರ ನಿಂತು 9999ಕ್ಕೆ ಫೋನ್ ಮಾಡಿ.

ಇನ್ನು ನನ್ನ ಕಸುಬಿನ ಮಾತು. ಬಿಲ್ಲಿನಲ್ಲಿ ದಿನಾಂಕದ ಜೊತೆ ಕಿಲೋಮೀಟರ್ ಬರೆಸಿ. ತೆಗೆದ ಹಳೆ ಸಾಮಾನು ಕೇಳಿ ನೋಡಿ. "ಇದು ಹಾಳಾದದ್ದು ಯಾಕೆ?" ಅಂತ ಕೇಳದೆ ದುಡ್ಡು ಕೊಡಬೇಡಿ. ಗಾಡಿ ಕಂಪೆನಿಯದ್ದೋ ಅರ್ಬಾಬಿನದ್ದೋ ಆದರೆ, ವಾಸನೆ ಬಂದ ದಿನವೇ ಫೋಟೋ ತೆಗೆದು ವಾಟ್ಸ್‌ಆ್ಯಪ್‌ನಲ್ಲಿ ತಿಳಿಸಿ. ಬಾಯಿಮಾತಿಗೆ ಲೆಕ್ಕವಿಲ್ಲ. ನಾಳೆ ಎಂಜಿನ್ ಹೋಗಿ "ಡ್ರೈವರ್ ಹೇಳಲೇ ಇಲ್ಲ" ಅಂತ ಬಂದರೆ, ನಿಮ್ಮ ಸಂಬಳ ಉಳಿಸುವುದು ಆ ಒಂದು ಮೆಸೇಜ್.

ತಡವಾದರೆ ಬೈಗುಳ ತಿನ್ನಬೇಕಾದೀತೆಂದು ಓಡಿಸಬೇಡಿ. ಬೈಗುಳ ಒಂದು ದಿನದ್ದು. ಊರಲ್ಲಿ ಉಮ್ಮ, ಹೆಂಡತಿ, ಮಕ್ಕಳು ಕಾಯುವುದು ನಿಮ್ಮನ್ನು.