ಬೆವರಿದ ಕುದುರೆಯ ಆರೈಕೆ



ಕೋಲಾರ ಸೀಮೆಯ ಶಿವಾರಪಟ್ಟಣವು ಶಿಲ್ಪಿಗಳ ಊರು. ಅಲ್ಲಿಯ ಶಿಲ್ಪಿಯು ಕಲ್ಲಿನಲ್ಲಿ ಕುದುರೆಯನ್ನು ಕಡೆದರೆ ಅದಕ್ಕೆ ಚಳಿಯೂ ಇಲ್ಲ, ಬೆವರೂ ಇಲ್ಲ. ಉಸಿರಾಡುವ ಕುದುರೆಯ ಮಾತು ಬೇರೆ. ಸಮುದ್ರಮಟ್ಟದಿಂದ 800 ಮೀಟರಿಗೂ ಎತ್ತರದಲ್ಲಿರುವ ಆ ಸೀಮೆಯಲ್ಲಿ ಪುಷ್ಯಮಾಸದ ಗಾಳಿಯು ಕೊರೆಯುವುದು. ಅಂತಹ ಕಾಲದಲ್ಲಿ ಬೆವರಿದ ಕುದುರೆಗೆ ಅಪಾಯವು ಓಟದಲ್ಲಿಲ್ಲ. ಓಟವು ನಿಂತ ಬಳಿಕ ಇದೆ.

ಕಾರಣವು ಸರಳವಾದುದು. ಚಳಿಗಾಲದ ದಟ್ಟ ರೋಮವು ತನ್ನ ನಡುವೆ ಗಾಳಿಯನ್ನು ಹಿಡಿದಿಟ್ಟು ಮೈಯನ್ನು ಬೆಚ್ಚಗಿಡುವುದು. ಅದು ತೊಯ್ದು ಚರ್ಮಕ್ಕಂಟಿದರೆ ಆ ರಕ್ಷಣೆಯು ತಪ್ಪುವುದು. ಆರುವ ಬೆವರು ಮೈಯ ಕಾವನ್ನೂ ಕೊಂಡೊಯ್ಯುವುದು.

ಆದುದರಿಂದ ಕೊನೆಯ ಅರ್ಧ ಮೈಲಿಯನ್ನು ನಡಿಗೆಯಲ್ಲಿಯೇ ಕಳೆಯಬೇಕು. ಲಾಯದಲ್ಲಿ ಜೀನನ್ನಿಳಿಸಿ, ಒಣಹುಲ್ಲಿನ ಹಿಡಿಯಿಂದಲೋ ಗೋಣಿಯಿಂದಲೋ ಮೈಯನ್ನು ತಿಕ್ಕಿ ಕೂದಲನ್ನು ಎಬ್ಬಿಸಬೇಕು. ಬೆನ್ನಿನ ಮೇಲೆ ಹುಲ್ಲನ್ನು ಹರಡಿ ಕಂಬಳಿಯನ್ನು ಹೊದಿಸಿದರೆ ತೇವವು ಹೊರಹೋಗಲು ದಾರಿಯಾಗುವುದು. ಕಂಬಳಿಯು ನೆನೆದೊಡನೆ ಬದಲಿಸಬೇಕು. ಬೆವರಿದ ಕುದುರೆಗೆ ನೀರು ಕೊಡಬಾರದೆಂಬ ಹಳೆಯ ನಂಬಿಕೆಯು ಸರಿಯಲ್ಲ; ಬಾಯಾರಿದ ಪ್ರಾಣಿಯು ಕುಡಿಯಲಿ. ಮೈ ಪೂರ್ತಿ ಒಣಗಿದ ಮೇಲೆ ಮಾಲೀಸು ಮಾಡಿ ಬೆವರಿನ ಉಪ್ಪನ್ನು ತೆಗೆಯಬೇಕು. ಅದು ಉಳಿದರೆ ಜೀನಿನ ಕೆಳಗೆ ಚರ್ಮವು ಕೆರಳುವುದು.

ಜಟಕಾಗಳು ನಮ್ಮ ಊರುಗಳಿಂದ ಬಹುಮಟ್ಟಿಗೆ ಮರೆಯಾಗಿವೆ. ಆದರೂ ಮೈಸೂರಿನ ಟಾಂಗಾ ಕುದುರೆಯು ಗಾಡಿಯೊಡನೆ ಒಂದು ಸಂಸಾರವನ್ನೂ ಎಳೆಯುತ್ತಿದೆ. ಅದನ್ನು ಒಣಗಿಸಲು ಬೇಕಾದುದು ಹಣವಲ್ಲ, ಅರ್ಧ ಗಂಟೆಯ ಬಿಡುವು. ಗಾಡಿಯವನನ್ನು ಅವಸರಪಡಿಸದಿದ್ದರೆ, ಸವಾರಿ ಮಾಡುವ ನಾವೂ ಆ ಆರೈಕೆಯಲ್ಲಿ ಪಾಲುಗಾರರಾಗುವೆವು.