ಮನೆ ಬಾಗಿಲಿಗೆ ಬಂದ ಫಂಡು: ಮಾರುವವರ ಕೂಲಿ ಯಾರ ಜೇಬಿನದು?

(ಸಂಘದ ಬೆಳ್ಳಿ ಹಬ್ಬದ ಸಮಾರಂಭದಲ್ಲಿ ಮಾಡಿದ ಭಾಷಣ)



ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ದಿನ ಉಳಿತಾಯದ ಬಗ್ಗೆ ನಾಲ್ಕು ಮಾತಾಡಲು ಅವಕಾಶ ಕೊಟ್ಟಿದ್ದೀರಿ. ಸಂತೋಷ. 1905ರಲ್ಲಿ ಗದಗದ ಪಕ್ಕದ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದಾಗ ರೈತರ ಸಮಸ್ಯೆ ಸಾಲದ್ದಾಗಿತ್ತು. ಈಗ ಸಾಲದ ಜೊತೆಗೆ ಇನ್ನೊಂದು ಪ್ರಶ್ನೆ ಬಂದಿದೆ: ಕೈಗೆ ಬಂದ ನಾಲ್ಕು ಕಾಸನ್ನು ಎಲ್ಲಿ ಇಡೋದು?

ಹೊಸಪೇಟೆಯ ಬ್ಯಾಂಕಿಗೆ ಠೇವಣಿ ಇಡಲು ಹೋದರೆ "ಮ್ಯೂಚುವಲ್ ಫಂಡಿಗೆ ಹಾಕ್ರಿ" ಅನ್ನುವವರು ಸಿಗುತ್ತಾರೆ. ಕಂಪ್ಲಿಯಲ್ಲಿ ಭತ್ತದ ದುಡ್ಡು, ಸಂಡೂರಿನಲ್ಲಿ ಲಾರಿಯ ದುಡ್ಡು, ಹಂಪಿ ಕಡೆ ಬಾಳೆಯ ದುಡ್ಡು ಕೈಗೆ ಬಂದರೆ ಸಾಕು, ಸಲಹೆ ಕೊಡುವವರಿಗೆ ಬರವಿಲ್ಲ. ಫಂಡು ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಹಲವರ ಹಣ ಒಟ್ಟು ಮಾಡಿ, ತಿಳಿದವರ ಕೈಯಲ್ಲಿ ಷೇರು, ಸಾಲಪತ್ರಗಳಲ್ಲಿ ತೊಡಗಿಸುವುದು ಒಳ್ಳೆಯ ಏರ್ಪಾಡೇ. ಆದರೆ ಅದನ್ನು ನಮಗೆ ತಂದು ಮಾರುವವರ ಕೂಲಿ ಎಲ್ಲಿಂದ ಬರುತ್ತದೆ? ಇವತ್ತಿನ ವಿಷಯ ಅದು.

ಮನೆ ಬಾಗಿಲಿಗೆ ಬಂದು ಉಳಿತಾಯ ಕಟ್ಟಿಸಿಕೊಳ್ಳುವುದು ನಮ್ಮ ನಾಡಿಗೆ ಹೊಸದಲ್ಲ. 1928ರಲ್ಲಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಉಡುಪಿಯ ಬ್ಯಾಂಕು ಪಿಗ್ಮಿ ಠೇವಣಿ ಆರಂಭಿಸಿತು. ದಿನಕ್ಕೆ ಎರಡಾಣೆ ಕೊಟ್ಟರೂ ಏಜೆಂಟರು ಬಂದು ಒಯ್ಯುತ್ತಿದ್ದರು. ಅಲ್ಲಿ ಬಡ್ಡಿ ಮೊದಲೇ ಗೊತ್ತು, ಅಸಲು ಕರಗುವುದಿಲ್ಲ. ಫಂಡಿನ ಮಾತು ಬೇರೆ. ಪೇಟೆ ಇಳಿದರೆ ಅಸಲೂ ಇಳಿಯುತ್ತದೆ. 1964ರಲ್ಲಿ ಯೂನಿಟ್ ಟ್ರಸ್ಟಿನ ಯುಎಸ್-64 ಯೋಜನೆ ಬಂತು. ಸರಕಾರದ್ದೇ ಎಂದು ನಂಬಿ ಜನ ಕೊಂಡರು. 2001ರ ಜುಲೈಯಲ್ಲಿ ಅದರ ಮಾರಾಟವನ್ನೂ ಮರುಖರೀದಿಯನ್ನೂ ನಿಲ್ಲಿಸಿದಾಗ ದೇಶವೇ ಬೆಚ್ಚಿತು.

ಈಗ ಕೂಲಿಯ ವಿಚಾರಕ್ಕೆ ಬರೋಣ. ಕಂಪ್ಲಿಯಲ್ಲಿ ಭತ್ತ ಮಾರಿದಾಗ ಹಮಾಲಿ ಎಷ್ಟು, ತೂಕದ ಕೂಲಿ ಎಷ್ಟು ಅಂತ ಕೇಳದೆ ನಾವು ಚೀಟಿ ಮಡಚುತ್ತೇವೇನ್ರಿ? ಫಂಡಿನಲ್ಲಿ ಮಾತ್ರ ಯಾರೂ ಕೇಳುವುದಿಲ್ಲ. ಹಿಂದೆ ಕಟ್ಟಿದ ಹಣದಲ್ಲೇ ಸಾಮಾನ್ಯವಾಗಿ ನೂರಕ್ಕೆ 2.25 ರೂಪಾಯಿ ಪ್ರವೇಶ ಶುಲ್ಕ ಮುರಿದು ಏಜೆಂಟರಿಗೆ ಕೊಡುತ್ತಿದ್ದರು. 2009ರ ಆಗಸ್ಟಿನಿಂದ ಸೆಬಿ ಅದನ್ನು ನಿಲ್ಲಿಸಿತು. 2013ರ ಜನವರಿಯಿಂದ ಪ್ರತಿ ಫಂಡಿನಲ್ಲೂ ಕಮಿಷನ್ ಇಲ್ಲದ 'ಡೈರೆಕ್ಟ್ ಪ್ಲಾನ್' ಇರಲೇಬೇಕೆಂದಿತು. 2018ರಲ್ಲಿ ಮುಂಗಡ ಕಮಿಷನ್ನೂ ಹೋಯಿತು. ಈಗ ಏಜೆಂಟರ ಮೂಲಕ ಕೊಂಡರೆ ಅದು 'ರೆಗ್ಯುಲರ್ ಪ್ಲಾನ್'. ಹಣ ಅಲ್ಲಿರುವಷ್ಟು ವರ್ಷವೂ ಅದರಿಂದ ಕಮಿಷನ್ ಹೋಗುತ್ತಲೇ ಇರುತ್ತದೆ.

ಒಂದು ಲೆಕ್ಕ ನೋಡ್ರಿ. ಒಂದು ಲಕ್ಷ ರೂಪಾಯಿ ವರ್ಷಕ್ಕೆ ಶೇ. 12ರಂತೆ ಬೆಳೆದರೆ ಇಪ್ಪತ್ತು ವರ್ಷಕ್ಕೆ ಸುಮಾರು 9 ಲಕ್ಷ 65 ಸಾವಿರ. ಶೇ. 11ರಂತೆ ಬೆಳೆದರೆ 8 ಲಕ್ಷ 6 ಸಾವಿರ. ಇದು ತಿಳುವಳಿಕೆಗೆ ಹೇಳಿದ ಲೆಕ್ಕ, ಇಷ್ಟು ಬಂದೇ ಬರುತ್ತದೆ ಎಂಬ ಭರವಸೆಯಲ್ಲ. ಆದರೆ ಒಂದೇ ಒಂದು ಪರ್ಸೆಂಟು ಒಂದೂವರೆ ಲಕ್ಷ ತಿಂದಿತು.

ಹಾಗಂತ ಕಮಿಷನ್ ಪೂರ್ತಿ ತೆಗೆದುಬಿಟ್ಟರೆ ಎಲ್ಲಾ ಸರಿಹೋಗುತ್ತದೆಯೇ? ಯುರೋಪಿನ ಕಡೆ ನೋಡಬೇಕು. ಬ್ರಿಟನ್ 2012ರ ಕೊನೆಗೆ, ನೆದರ್ಲೆಂಡ್ಸ್ 2014ರಲ್ಲಿ ಸಲಹೆಗಾರರಿಗೆ ಫಂಡ್ ಕಂಪನಿ ಕೊಡುವ ಕಮಿಷನ್ನನ್ನು ನಿಷೇಧಿಸಿದವು. ಗ್ರಾಹಕರೇ ಫೀ ಕೊಡಬೇಕು. ವ್ಯವಹಾರ ಶುದ್ಧವಾಯಿತು; ಆದರೆ ಸಣ್ಣ ಉಳಿತಾಯದವರಿಗೆ ಫೀ ಭಾರವಾಗಿ, ಸಲಹೆ ಹೇಳುವವರೇ ದೂರವಾದರು ಎಂಬ ದೂರು ಬ್ರಿಟನ್ನಿನಲ್ಲಿ ಎದ್ದಿತು. ಇಟಲಿ, ಸ್ಪೇನ್, ಜರ್ಮನಿಗಳಲ್ಲಿ ಬ್ಯಾಂಕುಗಳೇ ದೊಡ್ಡ ಮಾರಾಟಗಾರರು. ಅಲ್ಲೆಲ್ಲ ಪೂರ್ತಿ ನಿಷೇಧಕ್ಕೆ ವಿರೋಧ ಬಂದು, 2023ರಲ್ಲಿ ಯುರೋಪಿಯನ್ ಕಮಿಷನ್ ಭಾಗಶಃ ನಿಷೇಧವನ್ನಷ್ಟೇ ಮುಂದಿಟ್ಟಿತು. ಈ ನಡುವೆ ಯುವಕರು ಮೊಬೈಲಿನಲ್ಲೇ ತಿಂಗಳ ಕಂತು ಕಟ್ಟುವುದು ಹೆಚ್ಚಾಗಿದೆ. ನಮ್ಮಲ್ಲೂ ಅದೇ ಗಾಳಿ.

ಇದರಿಂದ ನಾವು ಕಲಿಯುವುದು ಇಷ್ಟು: ಸಲಹೆ ಎಲ್ಲಿಯೂ ಪುಕ್ಕಟೆ ಅಲ್ಲ. ಮೊಬೈಲು ತಿಳಿದ ಮಗ, ಮಗಳು ಮನೆಯಲ್ಲಿದ್ದರೆ ಡೈರೆಕ್ಟ್ ಪ್ಲಾನ್ ಅಗ್ಗ. ಅರ್ಜಿ ತುಂಬಿಕೊಟ್ಟು, ಪೇಟೆ ಬಿದ್ದಾಗ ಧೈರ್ಯ ಹೇಳಿ, ಯಜಮಾನ ತೀರಿಕೊಂಡಾಗ ನಾಮಿನಿಗೆ ಹಣ ಕೊಡಿಸಲು ಓಡಾಡುವ ಏಜೆಂಟರಿದ್ದರೆ ಅವರ ಕಮಿಷನ್ ದಂಡವಲ್ಲ. ಕೆಲಸ ಮಾಡದವರಿಗೆ ಕೂಲಿ ಕೊಡುವುದು ಮಾತ್ರ ದಂಡ.

ಆದ್ದರಿಂದ ಸಹಿ ಹಾಕುವ ಮುಂಚೆ ನಾಲ್ಕು ಮಾತು ಕೇಳ್ರಿ. ಇದು ಫಂಡೋ, ವಿಮೆಯೋ? ಡೈರೆಕ್ಟೋ, ರೆಗ್ಯುಲರೋ? ನಿಮ್ಮ ಎ.ಆರ್.ಎನ್. ನಂಬರು ಏನು? ನಡುವೆ ಹಣ ತೆಗೆದರೆ ಎಷ್ಟು ಮುರಿಯುತ್ತೀರಿ? ಆರು ತಿಂಗಳಿಗೊಮ್ಮೆ ಬರುವ ಖಾತೆ ವಿವರದಲ್ಲಿ ಏಜೆಂಟರಿಗೆ ಹೋದ ಕಮಿಷನ್ ಅಚ್ಚಾಗಿರುತ್ತದೆ. 2016ರಿಂದ ಈ ನಿಯಮವಿದೆ. ಅದನ್ನು ಮಕ್ಕಳಿಂದ ಓದಿಸಿ ಕೇಳಿರಿ. ನಗದು ಹಣ ಯಾರ ಕೈಗೂ ಕೊಡಬೇಡಿ. "ಇಷ್ಟು ಬಂದೇ ಬರ್ತದೆ, ಗ್ಯಾರಂಟಿ" ಅಂದವರನ್ನು ಚಹಾ ಕುಡಿಸಿ ಕಳಿಸಿಬಿಡಿ.

ಇನ್ನೊಂದು ಮಾತು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟು ಕೊಚ್ಚಿಹೋದಾಗ ಕಾಲುವೆ ನಂಬಿದವರ ಎದೆ ಒಡೆದಿತ್ತು. 2011ರಲ್ಲಿ ಸುಪ್ರೀಂ ಕೋರ್ಟು ಗಣಿಗಾರಿಕೆ ನಿಲ್ಲಿಸಿದಾಗ ಸಂಡೂರಿನಲ್ಲಿ ಲಾರಿ ಕಂತು ಕಟ್ಟಲಾಗದೆ ಕೂತವರನ್ನು ನೀವೇ ಕಂಡಿದ್ದೀರಿ. ನಮ್ಮ ಆದಾಯವೇ ಏರಿಳಿತದ್ದು. ಹಾಗಾಗಿ ಬೀಜ, ಗೊಬ್ಬರ, ಮದುವೆ, ಆಸ್ಪತ್ರೆಯ ದುಡ್ಡು ಫಂಡಿಗೆ ಹೋಗಕೂಡದು. ಬಡ್ಡಿಯಿಲ್ಲದೆ ಸಿಗುವ ಬೆಳೆ ಸಾಲವನ್ನಂತೂ ಖಂಡಿತ ಹಾಕಬಾರದು. ಐದಾರು ವರ್ಷ ಮುಟ್ಟದೆ ಬಿಡಬಲ್ಲ ಹಣಕ್ಕಷ್ಟೇ ಆ ದಾರಿ.

ನಮ್ಮ ಮನೆಯ ಮಾತನ್ನೂ ಮರೆಮಾಚಬಾರದು. ಹೊಸಪೇಟೆಯ ಬಿ.ಡಿ.ಸಿ.ಸಿ. ಬ್ಯಾಂಕಿನಂಥ ಸಹಕಾರಿ ಬ್ಯಾಂಕಿನ ಠೇವಣಿಗೆ 5 ಲಕ್ಷದವರೆಗೆ ವಿಮೆ ಇದೆ. ನಮ್ಮಂಥ ಹಳ್ಳಿ ಸಂಘದ ಠೇವಣಿಗೆ ಆ ವಿಮೆ ಇಲ್ಲ. ಇಲ್ಲಿನ ವಿಮೆ ಅಂದರೆ ಸದಸ್ಯರ ಕಣ್ಣು. ವಾರ್ಷಿಕ ಸಭೆಗೆ ಬರ್ರಿ, ಆಡಿಟ್ ವರದಿ ಕೇಳ್ರಿ, ಸಾಲ ಯಾರಿಗೆ ಹೋಯಿತು, ವಸೂಲಿ ಎಷ್ಟಾಯಿತು ಅಂತ ವಿಚಾರಿಸ್ರಿ. ಬೇರೆಯವರನ್ನು ಪ್ರಶ್ನಿಸುವ ನಾವು ನಮ್ಮ ಸಂಘವನ್ನೂ ಪ್ರಶ್ನಿಸಿದರೇನೇ ಅದು ಐವತ್ತು, ನೂರು ವರ್ಷ ಬಾಳುತ್ತದೆ.