ಬಡಿಯುವುದು, ನುಡಿಸುವುದು, ಸವರುವುದು



ಕನ್ನಡದಲ್ಲಿ ಚರ್ಮವಾದ್ಯಗಳ ಮಟ್ಟಿಗೆ ಎರಡು ಕ್ರಿಯಾಪದಗಳು ಎರಡು ಕೇರಿಗಳಲ್ಲಿ ವಾಸವಾಗಿವೆ. ಮೃದಂಗವನ್ನು ನುಡಿಸುತ್ತಾರೆ, ತಮಟೆಯನ್ನು ಬಡಿಯುತ್ತಾರೆ. ‘ಬಾರಿಸು’ ಎಂಬ ಮೂರನೆಯದೊಂದು ಎರಡೂ ಕಡೆ ಓಡಾಡಿಕೊಂಡಿದೆ, ನಿಜ. ಆದರೆ ಮೃದಂಗ ಬಡಿದರು ಎಂದರೆ ಅದು ಬೈಗುಳ. ತಮಟೆ ನುಡಿಸಿದರು ಎಂದು ಬರೆಯಲು ಪತ್ರಿಕೆಗಳಿಗೆ ಬಹಳ ಕಾಲ ಬೇಕಾಯಿತು. ಈ ಭೇದವನ್ನು ವ್ಯಾಕರಣ ವಿಧಿಸಿದ್ದಲ್ಲ, ಊರು ವಿಧಿಸಿದ್ದು. ಶಿಡ್ಲಘಟ್ಟ ತಾಲ್ಲೂಕಿನ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗ ಕೂಡ ಭಾಷೆಯ ಈ ಗೋಡೆ ಬಿರುಕು ಬಿಟ್ಟಿತೇ ಹೊರತು ಬೀಳಲಿಲ್ಲ.

ಈ ಮಾತು ನ್ಯೂಜಿಲೆಂಡಿನಲ್ಲಿ ಏಕೆ ಬಂತು ಎಂದರೆ, ವೆಲ್ಲಿಂಗ್ಟನ್ನಿನಲ್ಲೋ ಆಕ್ಲೆಂಡಿನಲ್ಲೋ ಜಾಝ್ ಡ್ರಮ್ಮಿಗೆ ಕೈಹಾಕಿ, ಕೋಲು ಬಿಟ್ಟು ಬ್ರಷ್ ಹಿಡಿಯುವ ಕನ್ನಡಿಗರಿಗೆ ಈ ಎರಡೂ ಕ್ರಿಯಾಪದಗಳು ಕೈಕೊಡುತ್ತವೆ. ಬ್ರಷ್ ಎಂದರೆ ಹಿಡಿಯ ತುದಿಯಲ್ಲಿ ಬೀಸಣಿಗೆಯ ಹಾಗೆ ಬಿಚ್ಚಿಕೊಳ್ಳುವ ತೆಳು ತಂತಿಗಳ ಕಟ್ಟು. ಹಿಂಬದಿಯ ಕಡ್ಡಿಯನ್ನು ಎಳೆದರೆ ತಂತಿಗಳು ಹಿಡಿಯೊಳಗೆ ಸರಿದು ಬೀಸಣಿಗೆ ಕಿರಿದಾಗುತ್ತದೆ, ಸದ್ದು ಚೂಪಾಗುತ್ತದೆ. ಪೂರ್ತಿ ಬಿಚ್ಚಿದರೆ ಸದ್ದು ಹರಡಿ ಮೆದುವಾಗುತ್ತದೆ. ಇದರಿಂದ ಸ್ನೇರ್ ಡ್ರಮ್ಮನ್ನು ಬಡಿಯುವುದು ಕಡಿಮೆ. ಸವರುವುದೇ ಹೆಚ್ಚು.

ಎಡಗೈಯ ಬ್ರಷ್ ಚರ್ಮವನ್ನು ಬಿಟ್ಟು ಏಳುವುದಿಲ್ಲ. ಅದು ಸುತ್ತುತ್ತಲೇ ಇರುತ್ತದೆ, ಸುತ್ತಿನ ಯಾವ ಮೂಲೆಯಲ್ಲಿ ತಾಳದ ಯಾವ ಎಣಿಕೆ ಬೀಳಬೇಕೆಂಬುದು ಗೊತ್ತಿರುತ್ತದೆ. ಬಲಗೈಯ ಬ್ರಷ್ ಆ ಹರಿವಿನ ಮೇಲೆ ಸ್ವಿಂಗ್ ಲಯವನ್ನು ತಟ್ಟುತ್ತದೆ. ಎಡಗಾಲು ಎರಡನೆಯ ಮತ್ತು ನಾಲ್ಕನೆಯ ಎಣಿಕೆಗೆ ಹೈ-ಹ್ಯಾಟಿನ ತಾಳಗಳನ್ನು ಮುಚ್ಚುತ್ತದೆ. ಹೇಳಲು ಇಷ್ಟೇ. ಮೊದಲ ವಾರಗಳಲ್ಲಿ ಕೇಳಿಬರುವುದು ಮಾತ್ರ ಸಂಗೀತವಲ್ಲ, ಮೊರದಲ್ಲಿ ಅಕ್ಕಿ ಕೇರುವ ಸದ್ದು. ಕೈಗಳು ಒಂದಕ್ಕೊಂದು ಅಡ್ಡ ಬರುತ್ತವೆ, ತಂತಿಗಳು ಸಿಕ್ಕಿಕೊಳ್ಳುತ್ತವೆ, ಎಡಗೈ ತಿಳಿಯದೆಯೇ ಮೇಲೆದ್ದು ಪೆಟ್ಟು ಕೊಡಲು ಹೋಗುತ್ತದೆ. ಮೃದಂಗ, ತಬಲಾ ಅಥವಾ ರಾಕ್ ಡ್ರಮ್ಮಿನಿಂದ ಬಂದವರಿಗೆ ಇದು ಇನ್ನೂ ಕಷ್ಟ. ಅವರ ಕೈಗೆ ಗೊತ್ತಿರುವುದು ಪೆಟ್ಟು ಮತ್ತು ಪೆಟ್ಟಿನ ನಡುವಿನ ಮೌನ. ಇಲ್ಲಿ ಆ ಮೌನದ ಜಾಗವನ್ನೂ ಕೈಯೇ ತುಂಬಬೇಕು.

ಅತಿ ಕಠಿಣವಾದುದು ವೇಗವಲ್ಲ, ನಿಧಾನ. ನಿಮಿಷಕ್ಕೆ 60 ಎಣಿಕೆಯ ಬ್ಯಾಲಡ್ ಎಂದರೆ ಒಂದು ಎಣಿಕೆಯಿಂದ ಇನ್ನೊಂದಕ್ಕೆ ಇಡೀ ಒಂದು ಸೆಕೆಂಡು. ಕೋಲಿನವನು ಆ ಸೆಕೆಂಡನ್ನು ಕಾದು ಕಳೆಯಬಹುದು. ಬ್ರಷ್ಷಿನವನು ಅದನ್ನು ದಾಟಬೇಕು, ಕೆರೆಯ ಏರಿಯ ಮೇಲೆ ನಡೆದ ಹಾಗೆ, ಎಲ್ಲೂ ಓಡದೆ, ಎಲ್ಲೂ ನಿಲ್ಲದೆ.

ಈ ಸಾಧನ ಹುಟ್ಟಿದ್ದು ಸಂಗೀತಕ್ಕಲ್ಲ. 1910ರ ದಶಕದ ಅಮೆರಿಕದಲ್ಲಿ, ಹಿಡಿಯೊಳಗೆ ಮಡಚಿಕೊಳ್ಳುವ ತಂತಿಯ ನೊಣಬಡಿಗೆಯೊಂದಕ್ಕೆ ಪೇಟೆಂಟ್ ದೊರೆಯಿತು. ಕುಣಿತದ ಮನೆಗಳ ಡ್ರಮ್ಮರುಗಳು ಅದನ್ನೇ ಎತ್ತಿಕೊಂಡರು. ಆಮೇಲೆ ವಾದ್ಯ ಮಾರುವ ಕಂಪನಿಗಳು ಅದಕ್ಕೆ ಬೇರೆ ಹೆಸರು, ಬೇರೆ ಬೆಲೆ ಕಟ್ಟಿದವು. ಇಂದು ‘ಸುಸಂಸ್ಕೃತ ಜಾಝ್’ ಎಂದು ವೈನಿನ ಲೋಟದ ಪಕ್ಕ ಕೇಳಿಸಿಕೊಳ್ಳುವ ಆ ಸರಸರ ಸದ್ದಿನ ಮೂಲಪುರುಷ ನೊಣಬಡಿಗೆ ಎಂಬುದನ್ನು ಮರೆಯದಿರುವುದು ಒಳ್ಳೆಯದು. ಎಲ್ಲ ಡ್ರಮ್ಮರುಗಳೂ ಅದನ್ನು ಸಂತೋಷದಿಂದ ಹಿಡಿದರು ಎಂದೂ ಅಲ್ಲ. ನ್ಯೂ ಆರ್ಲಿನ್ಸ್‌ನ ಬೇಬಿ ಡಾಡ್ಸ್ ಅವರಿಗೆ, ಸದ್ದು ತಗ್ಗಿಸಲೆಂದು ಅವರ ನಾಯಕ ಕಿಂಗ್ ಆಲಿವರ್ ಬ್ರಷ್ ತಂದುಕೊಟ್ಟಾಗ ಅದು ಹಿಡಿಸಲಿಲ್ಲ. ಕೋಲಿನಲ್ಲೇ ಮೆತ್ತಗೆ ಬಾರಿಸುವುದನ್ನು ಅವರು ಅಭ್ಯಾಸ ಮಾಡಿಕೊಂಡರು.

ಆ ಹಿಂಜರಿಕೆಯ ಹಿಂದೆ ಇತಿಹಾಸವಿದೆ. 1739ರಲ್ಲಿ ದಕ್ಷಿಣ ಕೆರೊಲಿನಾದ ಸ್ಟೋನೊ ನದಿಯ ಬಳಿ ಗುಲಾಮರು ಡ್ರಮ್ ಬಾರಿಸುತ್ತಾ ದಂಗೆಯೆದ್ದು ನಡೆದರು. ಮರುವರ್ಷ, 1740ರ ಕಾಯ್ದೆಯಲ್ಲಿ, ಗುಲಾಮರ ಕೈಯಿಂದ ಡ್ರಮ್ಮನ್ನೂ ಕೊಂಬನ್ನೂ ಕಿತ್ತುಕೊಳ್ಳಲಾಯಿತು. ಡ್ರಮ್ಮಿನ ಸದ್ದನ್ನು ಅಡಗಿಸಿದ ಚರಿತ್ರೆಯುಳ್ಳ ಜನರಿಗೆ ‘ಮೆತ್ತಗೆ’ ಎಂಬ ಆಜ್ಞೆ ಬರಿಯ ಸಂಗೀತದ ಸೂಚನೆಯಾಗಿ ಕೇಳಿಸಲಾರದು. ಊರಬಾಗಿಲಲ್ಲಿ ತಮಟೆ ನಿಲ್ಲಿಸಿ ಎಂಬ ಮಾತು ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದರೆ ಬ್ರಷ್ ಅಧೀನತೆಯ ವಾದ್ಯವೇ? ವಲಸೆ ಬಂದವರ ಸಭೆಯಲ್ಲಿ ಈ ಪ್ರಶ್ನೆಗೆ ಬೇರೆಯದೇ ತೂಕವಿದೆ. ನ್ಯೂಜಿಲೆಂಡಿನ ಹಳೆಯ ಮನೆಗಳು ಮರದವು, ಗೋಡೆಗಳು ತೆಳು. 1991ರ ಸಂಪನ್ಮೂಲ ನಿರ್ವಹಣಾ ಕಾಯ್ದೆಯ ಪ್ರಕಾರ, ಪಕ್ಕದ ಮನೆಯವರ ದೂರಿನ ಮೇಲೆ ಬರುವ ಕೌನ್ಸಿಲ್ಲಿನ ಅಧಿಕಾರಿ 72 ಗಂಟೆಗಳವರೆಗೆ ಸದ್ದು ತಗ್ಗಿಸಲು ಆದೇಶಿಸಬಹುದು. ಮೀರಿದರೆ ಪೊಲೀಸರೊಡನೆ ಬಂದು ಸದ್ದಿನ ಸಾಮಾನನ್ನೇ ಹೊತ್ತೊಯ್ಯಬಹುದು. ಮಲಗುವ ಕೋಣೆಯಲ್ಲಿ ರಾತ್ರಿ ಒಂಬತ್ತಕ್ಕೆ ಅಭ್ಯಾಸ ಮಾಡುವವರು ಬ್ರಷ್ ಹಿಡಿಯುವುದಕ್ಕೆ ಕಲೆಯ ಜೊತೆಗೆ ಈ ಕಾರಣವೂ ಉಂಟು. ಇನ್ನೊಂದು ಒತ್ತಡ ಕಾಯ್ದೆಯಲ್ಲಿಲ್ಲ: ಸದ್ದು ಮಾಡದ, ದೂರು ತರದ, ತೆರಿಗೆ ಕಟ್ಟುವ ‘ಒಳ್ಳೆಯ ವಲಸಿಗ’ರಾಗಿರಬೇಕೆಂಬ ನಿರೀಕ್ಷೆ. ಅದಕ್ಕೆ ಮೈಯನ್ನು ಒಗ್ಗಿಸಿಕೊಂಡವರು ಬ್ರಷ್ಷಿನ ಮೆದುತನವನ್ನು ತಮ್ಮ ಸಭ್ಯತೆಯ ಚಿಹ್ನೆಯಾಗಿ ತಿಳಿದುಕೊಳ್ಳುವ ಅಪಾಯ ಇದೆ.

ಕೇಳಿ ನೋಡಿದರೆ ಈ ತಿಳಿವಳಿಕೆ ನಿಲ್ಲುವುದಿಲ್ಲ. ಕೌಂಟ್ ಬೇಸಿಯ ತಂಡದಲ್ಲಿ ಬ್ರಷ್ ಹಿಡಿದ ಜೋ ಜೋನ್ಸ್ ಅವರದು ತಗ್ಗಿ ನಡೆಯುವ ಸದ್ದಲ್ಲ. 1958ರ ಜನವರಿಯಲ್ಲಿ ಶಿಕಾಗೋದ ಪರ್ಶಿಂಗ್ ಲೌಂಜಿನಲ್ಲಿ ಅಹ್ಮದ್ ಜಮಾಲ್ ಅವರ ಪಿಯಾನೋದ ಜೊತೆ ವರ್ನೆಲ್ ಫೂರ್ನಿಯೆ ಬಾರಿಸಿದ್ದನ್ನು ಕೇಳಿದರೆ, ಇಡೀ ಕೋಣೆ ಎಷ್ಟು ಸದ್ದಿನಲ್ಲಿ ಉಸಿರಾಡಬೇಕೆಂದು ಡ್ರಮ್ಮರೇ ನಿರ್ಧರಿಸುತ್ತಿರುವುದು ತಿಳಿಯುತ್ತದೆ. ಮೆತ್ತಗೆ ಇರಿ ಎಂದು ಹೇಳಿಸಿಕೊಳ್ಳುವುದು ಒಂದು. ಮೆತ್ತಗೆ ನುಡಿದು ಇತರರನ್ನು ಸುಮ್ಮನಾಗಿಸುವುದು ಇನ್ನೊಂದು. 1959ರಿಂದ 1965ರವರೆಗೆ ಆಸ್ಕರ್ ಪೀಟರ್ಸನ್ ತಂಡದಲ್ಲಿದ್ದ ಎಡ್ ಥಿಗ್ಪೆನ್ ಬ್ರಷ್ಷಿನ ಬಗೆಗೇ ಒಂದು ಪಠ್ಯ ಬರೆದರು; ಕಲಿಯುವವರ ಕೈಯಲ್ಲಿ ಇಂದಿಗೂ ಅದಿದೆ.

ನ್ಯೂಜಿಲೆಂಡಿಗೆ ಜಾಝ್ ಕಾಲೇಜಿನ ಮೂಲಕ ಬಂದುದಲ್ಲ, ಕುಣಿತದ ಮನೆಗಳ ಮೂಲಕ ಬಂದುದು. ಓಪೋಟಿಕಿಯಲ್ಲಿ ಹುಟ್ಟಿದ, ಸಿರಿಯನ್ ಮತ್ತು ಮಾವೊರಿ ಮೂಲದ ಎಪಿ ಶಾಲ್ಫೂನ್ ಆಕ್ಲೆಂಡಿನ ಮೌಂಟ್ ಈಡನ್ನಿನ ಕ್ರಿಸ್ಟಲ್ ಪ್ಯಾಲೇಸಿನಲ್ಲಿ ವರ್ಷಗಟ್ಟಲೆ ಜನರನ್ನು ಕುಣಿಸಿದರು. 1943ರಲ್ಲಿ, ಯುದ್ಧದ ನಡುವೆ, ಆರ್ಟಿ ಶಾ ಅವರ ಅಮೆರಿಕನ್ ನೌಕಾದಳದ ಬ್ಯಾಂಡ್ ಇಲ್ಲಿಗೆ ಬಂದಾಗ ಅದರ ಡ್ರಮ್ಮರ್ ಡೇವ್ ಟಫ್. ಸಣ್ಣ ಮೈಕಟ್ಟಿನ, ಪುಸ್ತಕದ ಹುಚ್ಚಿನ ಈ ಮನುಷ್ಯ ತನಿ ಬಾರಿಸಿ ಮೆರೆಯುವುದನ್ನು ಇಷ್ಟಪಡದೆ, ಇತರರ ಕೆಳಗೆ ನೆಲದಂತೆ ಹಾಸಿಕೊಳ್ಳುತ್ತಿದ್ದವರು. ಈಚಿನ ತಲೆಮಾರಿನಲ್ಲಿ ವೆಲ್ಲಿಂಗ್ಟನ್ನಿನ ಮೈಯೆಲೆ ಮನ್ಝಾನ್ಝಾ ಇದ್ದಾರೆ. ತಂದೆ ಸ್ಯಾಮ್ ಮನ್ಝಾನ್ಝಾ ಕಾಂಗೋದಿಂದ ಬಂದ ತಾಳವಾದ್ಯಗಾರ. ಮಗ ಮನೆಯಲ್ಲಿ ಆಫ್ರಿಕದ ಲಯವನ್ನೂ ನ್ಯೂಜಿಲೆಂಡ್ ಸ್ಕೂಲ್ ಆಫ್ ಮ್ಯೂಸಿಕ್‌ನಲ್ಲಿ ಜಾಝನ್ನೂ ಕಲಿತರು. ಮನೆಯ ಲಯ ಮತ್ತು ಶಾಲೆಯ ಲಯ ಎಂಬ ಜಗಳವನ್ನು ವಲಸಿಗರ ಮಕ್ಕಳು ಬಗೆಹರಿಸಿಕೊಳ್ಳುವ ಒಂದು ದಾರಿ ಇದು.

ಕನ್ನಡ ಮನೆಗಳಲ್ಲಿ ಈ ಜಗಳ ಬೇರೆ ರೂಪದಲ್ಲಿ ನಡೆಯುತ್ತದೆ. ಮಗುವನ್ನು ಮೃದಂಗದ ತರಗತಿಗೆ ಸೇರಿಸಿದರೆ ಅದು ಸಂಸ್ಕೃತಿ, ಡ್ರಮ್ಮಿಗೆ ಸೇರಿಸಿದರೆ ಹವ್ಯಾಸ. ತಮಟೆಗೆ ಸೇರಿಸುವ ಮಾತೇ ಏಳುವುದಿಲ್ಲ. ಜಾಝನ್ನು ಒಪ್ಪುವವರೂ ‘ಫ್ಯೂಷನ್’ ಎಂಬ ಬಾಗಿಲಿನಿಂದ ಮಾತ್ರ ಒಳಗೆ ಬಿಡುತ್ತಾರೆ. ಬೆಂಗಳೂರಿನಲ್ಲಿ 1964ರಲ್ಲಿ ಟಿ.ಎ.ಎಸ್. ಮಣಿ ಕಟ್ಟಿದ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಈ ಸಸಾರದ ಮಾತಿಗೆ ಒಳ್ಳೆಯ ಉತ್ತರ. ನಾಗಸ್ವರವನ್ನೂ ಕಲಿತಿದ್ದ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೋ ಅವರೊಡನೆ, ಆರ್.ಎ. ರಮಾಮಣಿಯವರ ಕಂಠದೊಡನೆ, ಅವರು 1983ರಲ್ಲಿ ‘ಜ್ಯೋತಿ’ಯನ್ನು ಧ್ವನಿಮುದ್ರಿಸಿದರು. ಒಬ್ಬರು ಇನ್ನೊಬ್ಬರಿಗೆ ಅಲಂಕಾರವಾಗದೆ, ಇನ್ನೊಬ್ಬರ ಬಳಿ ಕಲಿಯಲು ಕುಳಿತವರ ಕೆಲಸ ಅದು.

ಕೊನ್ನಕೋಲು ತಿಳಿದವರಿಗೆ ಸ್ವಿಂಗಿನ ಮೊದಲ ಮೆಟ್ಟಿಲು ಸುಲಭ. ತಿಶ್ರದ ‘ತಕಿಟ’ವನ್ನು ಹೇಳಿ, ‘ಕಿ’ಯನ್ನು ನುಂಗಿದರೆ ಉಳಿಯುವ ‘ತ’ ಮತ್ತು ‘ಟ’ಗಳ ಅಂತರವೇ ಬಲಗೈಯ ಆಧಾರ. ಆದರೆ ಈ ಲೆಕ್ಕವನ್ನು ಕೊನೆಯವರೆಗೂ ನಂಬುವಂತಿಲ್ಲ. ವೇಗ ಏರಿದಂತೆ ಆ ಅಂತರ ಸಮಸಮವಾಗುತ್ತ ಹೋಗುತ್ತದೆ. ಗಣಿತ ಗೊತ್ತಿದ್ದವರು ಇಲ್ಲಿ ಗಣಿತವನ್ನು ಬಿಟ್ಟು ಕಿವಿಯನ್ನು ಹಿಡಿಯಬೇಕಾಗುತ್ತದೆ, ಇದು ಅವರಿಗೆ ರುಚಿಸುವುದಿಲ್ಲ.

ಎಡಗೈಗೆ ಮಾತ್ರ ಶಾಸ್ತ್ರೀಯ ಸಂಗೀತದಲ್ಲಿ ಪೂರ್ತಿ ನೆರವು ಸಿಗುವುದಿಲ್ಲ. ಮೃದಂಗದ ಎಡಬದಿಯ ಗುಮ್ಕಿಯಲ್ಲಿ, ತಬಲಾದ ಡಗ್ಗದ ಮೇಲೆ ಅಂಗೈ ಒತ್ತಿ ಜಾರಿಸುವುದರಲ್ಲಿ ಸವರುವ ಕೈ ಉಂಟು. ಅದು ಪೆಟ್ಟಿಗೆ ಹಚ್ಚಿದ ಒಗ್ಗರಣೆ. ಸವರುವುದೇ ಅಡುಗೆಯಾಗಿರುವ ವಾದ್ಯ ಬೇಕೆಂದರೆ ಜಾತ್ರೆಗೆ ಹೋಗಬೇಕು. ಉರುಮೆಯ ಒಂದು ಮುಖವನ್ನು ಬಾಗಿದ ಕೋಲಿನಿಂದ ಉಜ್ಜುತ್ತಾರೆ. ಅದು ನರಳಿದಂತೆ, ಗುಡುಗು ದೂರದಲ್ಲಿ ಉರುಳಿದಂತೆ ಕೇಳುತ್ತದೆ. ಚರ್ಮವನ್ನು ಉಜ್ಜಿ ನಾದವನ್ನು ನಿಲ್ಲದಂತೆ ಹರಿಸುವ ವಿದ್ಯೆ ಕನ್ನಡ ನಾಡಿನಲ್ಲಿ ಇದ್ದೇ ಇದೆ. ಅದು ಇದ್ದದ್ದು ಸಂಗೀತ ಸಭೆಗಳು ಕರೆಯದವರ ಕೈಯಲ್ಲಿ. ಆಕ್ಲೆಂಡಿನಲ್ಲಿ ಬ್ರಷ್ ಕಲಿಯುವ ಕನ್ನಡಿಗನಿಗೆ ಸರಿಯಾದ ಪೂರ್ವಿಕ ಗುರು ಬೇಕಿದ್ದರೆ ಆ ಉರುಮೆಯವನೇ.

ಇನ್ನು ಚರ್ಮದ ಮಾತು. ಬ್ರಷ್ ನಯವಾದ ಮೇಲ್ಮೈಯಲ್ಲಿ ಮಾತಾಡುವುದಿಲ್ಲ. ತಂತಿ ಕಚ್ಚಲು ತರಿ ಬೇಕು. ಮೊದಲು ಅದನ್ನು ಕರುವಿನ ಚರ್ಮವೇ ಕೊಡುತ್ತಿತ್ತು. 1950ರ ದಶಕದ ಕೊನೆಯಲ್ಲಿ ಪ್ಲಾಸ್ಟಿಕ್ ಹಾಳೆ ಬಂದಮೇಲೆ ಅದರ ಮೇಲೆ ಬಿಳಿಯ ಒರಟು ಲೇಪ ಬಳಿದು ಚರ್ಮದ ಗುಣವನ್ನು ಅನುಕರಿಸಬೇಕಾಯಿತು. ಆದ್ದರಿಂದ ಅಂಗಡಿಯಲ್ಲಿ ಪಾರದರ್ಶಕ ಹಾಳೆ ಅಗ್ಗವಾಗಿ ಸಿಕ್ಕಿತೆಂದು ಕೊಂಡವರ ಬ್ರಷ್ ಮೂಕವಾಗುತ್ತದೆ. ಮೃದಂಗಕ್ಕಾದರೋ ಇಂದಿಗೂ ಹಸು, ಮೇಕೆ, ಎಮ್ಮೆಯ ಚರ್ಮ ಬೇಕು. ಆ ಚರ್ಮವನ್ನು ಹದಮಾಡಿ ಬಿಗಿದವರ ಹೆಸರುಗಳನ್ನು ಸಂಗೀತಲೋಕ ಹೇಗೆ ಹೊರಗಿಟ್ಟಿತು ಎಂಬುದನ್ನು ಟಿ.ಎಂ. ಕೃಷ್ಣ 2020ರ ‘ಸೆಬಾಸ್ಟಿಯನ್ ಅಂಡ್ ಸನ್ಸ್’ನಲ್ಲಿ ಬರೆದಿದ್ದಾರೆ. ಬ್ರಷ್ ಹಿಡಿದವರು ಚರ್ಮದ ತರಿಯನ್ನು ಬೆರಳಿನಿಂದ ಮುಟ್ಟಿ ನೋಡದೆ ಒಂದು ಸುತ್ತನ್ನೂ ಎಳೆಯಲಾರರು. ನಾದ ಅಲ್ಲಿಂದಲೇ ಬರುತ್ತಿದೆ ಎಂಬುದು ಅವರಿಗೆ ಪ್ರತಿ ಸುತ್ತಿನಲ್ಲೂ ಕೇಳುತ್ತದೆ.

ಕಲಿಯಲು ಹೊರಟವರಿಗೆ ಡ್ರಮ್ ಸೆಟ್ಟು ಕೂಡಲೇ ಬೇಕಿಲ್ಲ. ಲೇಪವಿರುವ ಒಂದು ಸ್ನೇರ್, ಒಂದು ಜೊತೆ ಬ್ರಷ್, 60ಕ್ಕೆ ಇಟ್ಟ ಮೆಟ್ರೊನೋಮ್ ಸಾಕು. ಮೊದಲ ತಿಂಗಳು ಬಲಗೈಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಎಡಗೈಯಲ್ಲಿ ಸುತ್ತು ಮಾತ್ರ.